ತಳುಕಿನ ಅಕ್ಷರಗಳು

ಚಳ್ಳಕೆರೆಯಿಂದ ಬಳ್ಳಾರಿಯತ್ತ ಹೊರಟ ಬಸ್ಸು ದಾರಿಯಲ್ಲಿ ತಳಕು ಎಂಬ ಊರನ್ನು ಹಾದುಹೋಗುತ್ತದೆ. ತಳುಕು ಎಂದೂ ಬರೆಯುವುದುಂಟು. ಕನ್ನಡ ಓದುವವರಿಗೆ ಇದು ಅಪರಿಚಿತ ಊರಲ್ಲ. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರ, ‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರ, ಎರಡೂ ಈ ಊರಿನವು. ತಳುಕು ಎಂಬ ಮಾತಿಗೆ ಕನ್ನಡದಲ್ಲಿ ಹೊಳಪು, ಥಳಥಳಿಕೆ ಎಂಬ ಅರ್ಥವೂ ಇದೆ. ‘ತಳುಕು ಬಳುಕು’ ಎನ್ನುವಾಗ ನಾಲಿಗೆಗೆ ಬರುವುದು ಅದೇ ಅರ್ಥ. ಊರಿಗೂ ಆ ಅರ್ಥಕ್ಕೂ ನಂಟಿದೆಯೆಂದು ಹೇಳಬೇಕಾಗಿಲ್ಲ. ಆದರೆ ಅಕ್ಷರಕ್ಕೆ ತಳುಕು ಬರಿಸುವ ಕಸುಬಿನ ಚರಿತ್ರೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗಲಾರದು.

ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ ಹತ್ತಿರವಾದಾಗ ಈ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೆಲಸ ಮೈಮೇಲೆ ಬೀಳುತ್ತದೆ. ಭಕ್ತರಿಗೆ ಸ್ವಾಗತ ಕೋರುವ ಫಲಕ, ಶುಭಾಶಯ, ಅನ್ನದಾನದ ಪ್ರಕಟಣೆ, ನಾಟಕದ ಪೋಸ್ಟರು. ಹೆಸರು ಬಂಗಾರದ ಗಟ್ಟಿಯಂತೆ ಉಬ್ಬಿರಬೇಕು, ಊರ ಹೆಸರಿಗೆ ಕಲ್ಲಿನ ಮೈ ಬೇಕು, ನಾಟಕದ ಹೆಸರಿಗೆ ಬೆಂಕಿಯೋ ಗಾಜೋ ಆಗಲಿ ಎಂದು ಬಂದವರು ಕೇಳುತ್ತಾರೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಅದನ್ನೆಲ್ಲ ‘ಎಫೆಕ್ಟು’ ಎನ್ನುವ ಒಂದೇ ಮಾತಿನಲ್ಲಿ ಅಡಗಿಸುತ್ತಾನೆ. ಮುದ್ರಣವಾಗಿ ಬಂದ ಫಲಕದ ಮೇಲೆ ಬೆರಳಾಡಿಸಿದರೆ ಎಲ್ಲವೂ ನುಣ್ಣಗೆ, ಸಪಾಟು. ಉಬ್ಬು, ತಗ್ಗು, ಒರಟು, ಹೊಳಪು ಎಲ್ಲವೂ ನೋಡುವವರ ಕಣ್ಣಿನಲ್ಲಿವೆ.

ಇದರ ಗುಟ್ಟು ಬಹಳ ಚಿಕ್ಕದು. ಬೆಳಕು ಎಡಗಡೆ ಮೇಲಿಂದ ಬೀಳುತ್ತಿದೆ ಎಂದು ಇಟ್ಟುಕೊಂಡರೆ, ಅಕ್ಷರದ ಅತ್ತಕಡೆಯ ಅಂಚು ಬೆಳ್ಳಗೆ, ಇತ್ತಕಡೆಯ ಅಂಚು ಕಪ್ಪಗೆ. ಅಷ್ಟಾದರೆ ಅಕ್ಷರ ಮೇಲೆದ್ದಂತೆ ಕಾಣುತ್ತದೆ. ಅಂಚುಗಳನ್ನು ಅದಲುಬದಲು ಮಾಡಿದರೆ ಅದೇ ಅಕ್ಷರ ಒಳಗೆ ಕೊರೆದಂತೆ ಕಾಣುತ್ತದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ಸೂರ್ಯನ ಕೆಳಗೆ ಬಾಳಿದ ಕಣ್ಣು ನಂಬಿದೆ, ಆ ನಂಬಿಕೆಯನ್ನೇ ತಂತ್ರಾಂಶ ಬಳಸಿಕೊಳ್ಳುತ್ತದೆ. ನಿಜವಾಗಿ ಕೊರೆದ ಅಕ್ಷರದ ಮೇಲೆ ನಿಜವಾದ ಸೂರ್ಯ ಈ ಕೆಲಸ ಮಾಡುವುದನ್ನು ನೋಡಬೇಕೆಂದರೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು.

ಬ್ರಹ್ಮಗಿರಿಯ ತಪ್ಪಲಿನ ಆ ಬಂಡೆಗೆ ಊರವರು ಇಟ್ಟ ಹೆಸರು ‘ಅಕ್ಷರಗುಂಡು’. ಗುಂಡು ಎಂದರೆ ಈ ಸೀಮೆಯಲ್ಲಿ ಬಂಡೆ. ಏನು ಬರೆದಿದೆ ಎಂದು ಓದಬಲ್ಲವರು ಇಲ್ಲದ ಎಷ್ಟೋ ಶತಮಾನಗಳ ಉದ್ದಕ್ಕೂ ಅದು ಅಕ್ಷರವೇ ಹೌದು ಎಂಬುದನ್ನು ಜನ ಮರೆತಿರಲಿಲ್ಲ ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಅದು ಅಶೋಕನ ಶಾಸನ, ಕ್ರಿ.ಪೂ. 3ನೇ ಶತಮಾನದ್ದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಸಾಲುಗಳು 13. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ ಇದು. ತಂದೆತಾಯಿಯರ, ಗುರುಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಅದರಲ್ಲಿನ ಬುದ್ಧಿಮಾತು. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣವೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪಕ್ಕದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ ಇದೇ ಶಾಸನದ ಇನ್ನೆರಡು ಪ್ರತಿಗಳಿವೆ. ಒಂದೇ ಸಂದೇಶ, ಮೂರು ಬಂಡೆ, ಎಲ್ಲವೂ ಒಂದೇ ತಾಲ್ಲೂಕಿನಲ್ಲಿ.

ನೆತ್ತಿಯ ಮೇಲೆ ಸೂರ್ಯನಿದ್ದಾಗ ಇಂಥ ಬಂಡೆಯ ಮುಂದೆ ನಿಂತರೆ ಕಾಣುವುದು ಬಂಡೆ ಮಾತ್ರ. ಉಳಿಯ ಗೆರೆಗಳ ಆಳ ಹೆಚ್ಚಿಲ್ಲ. ಎರಡು ಸಾವಿರ ವರ್ಷಗಳ ಗಾಳಿಮಳೆಯಲ್ಲಿ ಗೆರೆಯ ಬಣ್ಣವೂ ಬಂಡೆಯ ಬಣ್ಣವೂ ಒಂದಾಗಿವೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬಿದ್ದಾಗ ಗೆರೆಯ ಒಂದು ದಡಕ್ಕೆ ಬೆಳಕು, ಇನ್ನೊಂದು ದಡಕ್ಕೆ ನೆರಳು ಬಂದು ಅಕ್ಷರ ಎದ್ದು ನಿಲ್ಲುತ್ತದೆ. ಶಾಸನ ಓದುವವರು ಈ ಹೊತ್ತಿಗಾಗಿ ಕಾಯುತ್ತಾರೆ. ಮಾಡಿನ ಕೆಳಗೆ, ಗುಡಿಯ ಒಳಗೆ ಇರುವ ಕಲ್ಲಾದರೆ ಟಾರ್ಚನ್ನು ಬಂಡೆಯ ಮಗ್ಗುಲಿಗೆ ಒರಗಿಸಿ ಹಿಡಿದು ಅದೇ ಓರೆಬೆಳಕನ್ನು ತಾವೇ ಮಾಡಿಕೊಳ್ಳುತ್ತಾರೆ.

ಆ ಗೆರೆಗಳನ್ನು ಬರೆದವನ ಹೆಸರು ಉಳಿದುಬಂದಿರುವುದು ದೊಡ್ಡ ಭಾಗ್ಯ. ಅವನು ಚಪಡ. ಮೂರೂ ಶಾಸನಗಳ ಕೊನೆಯಲ್ಲಿ ಅವನ ಅಂಕಿತವಿದೆ. ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದುಕೊಂಡು ಬಂದವನು, ಲಿಪಿಕಾರ ಎಂಬ ತನ್ನ ಕಸುಬಿನ ಮಾತು ಬಂದಾಗ ಮಾತ್ರ ಖರೋಷ್ಠಿಗೆ ಹೊರಳಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ, ಉಪಖಂಡದ ವಾಯವ್ಯ ಮೂಲೆಯ ಲಿಪಿ. ಮೊಳಕಾಲ್ಮುರಿನ ಸುತ್ತಿನಲ್ಲಿ ಅದನ್ನು ಓದಬಲ್ಲವರು ಅಂದು ಇದ್ದಿರುವುದು ಅಪರೂಪ. ಓದಲಿ ಎಂದು ಬರೆದದ್ದು ಉಳಿದ ಸಾಲುಗಳು, ಕಾಣಲಿ ಎಂದು ಬರೆದದ್ದು ಈ ಒಂದು ಮಾತು. ಇಂದಿನ ಫ್ಲೆಕ್ಸಿನ ಕೆಳಮೂಲೆಯಲ್ಲಿ ವಿನ್ಯಾಸ ಮಾಡಿದ ಅಂಗಡಿಯ ಹೆಸರು ಬೇರೆಯೇ ಅಕ್ಷರಶೈಲಿಯಲ್ಲಿ ಪುಟ್ಟದಾಗಿ ಕೂತಿರುವುದನ್ನು ಕಂಡಾಗ ಚಪಡನ ನೆನಪಾಗದೆ ಇರದು.

ಹೊಳಪು ಅಶೋಕನ ಕಾಲಕ್ಕೆ ಗೊತ್ತಿರದ ಸಂಗತಿಯೇನಲ್ಲ. ಚುನಾರಿನ ಮರಳುಗಲ್ಲಿನಲ್ಲಿ ಕಡೆದ ಉತ್ತರದ ಸ್ತಂಭಗಳಿಗೆ ಕನ್ನಡಿಯಂಥ ಮೆರುಗು ಕೊಟ್ಟು, ಆ ನುಣುಪಿನ ಮೇಲೆ ಅಚ್ಚುಕಟ್ಟಾಗಿ ಅಕ್ಷರ ಕೊರೆಸಿದ ರಾಜ್ಯ ಅದು. ದಕ್ಷಿಣಕ್ಕೆ ಬಂದ ಅದೇ ರಾಜಾಜ್ಞೆ ಮೆರುಗಿಲ್ಲದ ಕಾಡುಬಂಡೆಯ ಮೇಲೆ ಮೂಡಿತು. ಬ್ರಹ್ಮಗಿರಿಯ ನೆಲದಲ್ಲಿ ಹೊಳಪಿನ ಕಸುಬು ಬೇರೊಂದು ರೂಪದಲ್ಲಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದಾಗ ಬೃಹತ್ ಶಿಲಾಗೋರಿಗಳಿಂದ ಕಪ್ಪು-ಕೆಂಪು ಮಡಕೆಗಳು ಹೊರಬಂದವು. ಸುಡುವ ಮೊದಲು ಮಣ್ಣಿನ ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿ ಹೊಳಪು ಬರಿಸಿದ ಪಾತ್ರೆಗಳವು. ಆ ಕಾಲದ ಇಂಥ ಮಡಕೆಗಳ ಮೇಲೆ ಸುಟ್ಟಾದ ನಂತರ ಗೀಚಿದ ಗುರುತುಗಳೂ ಕಾಣಸಿಗುತ್ತವೆ. ಅವು ಲಿಪಿಯಲ್ಲ. ಹೊಳೆಯುವ ಮೈಮೇಲೆ ಹೊಳಪು ಕೆರೆದು ತೆಗೆದು ಅರ್ಥ ಮೂಡಿಸುವ ಕ್ರಮ ಮಾತ್ರ ಅಲ್ಲಿ ಆಗಲೇ ಶುರುವಾಗಿದೆ.

ಬೆಂಜಮಿನ್ ಲೂಯಿಸ್ ರೈಸ್ 1892ರಲ್ಲಿ ಈ ಮೂರು ಶಾಸನಗಳನ್ನು ಪತ್ತೆ ಮಾಡಿದರು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿ ಆಗ 55 ವರ್ಷವಾಗಿತ್ತು. ಮೈಸೂರು ಸೀಮೆಯಲ್ಲೂ ಅಶೋಕನ ಮಾತು ಇದೆಯೆಂದು ಲೋಕಕ್ಕೆ ಗೊತ್ತಾದದ್ದು ರೈಸ್ ಅವರಿಂದ. ಜಟಿಂಗ ರಾಮೇಶ್ವರದ ಬಂಡೆಯನ್ನು ಜನ ‘ಬಳೆಗಾರರ ಗುಂಡು’ ಎನ್ನುತ್ತಿದ್ದರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಜನರ ಓಡಾಟಕ್ಕೆ ಸಿಕ್ಕ ಆ ಶಾಸನ ಮೂರರಲ್ಲೂ ಹೆಚ್ಚು ಸವೆದದ್ದು. ಇಂಥ ಅಕ್ಷರವನ್ನು ಬೆಟ್ಟದಿಂದ ಮೇಜಿಗೆ ತರಲು ಶಾಸನತಜ್ಞರ ಬಳಿ ಇದ್ದ ಉಪಾಯ ಪಡಿಯಚ್ಚು. ಬಂಡೆಯನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವನ್ನು ಗೆರೆಗಳ ಒಳಕ್ಕೆ ಇಳಿಸುತ್ತಾರೆ. ಆಮೇಲೆ ಮಸಿಯ ಚೆಂಡನ್ನು ಮೇಲೆ ಮೇಲೆ ಒತ್ತುತ್ತಾ ಹೋದರೆ ಬಂಡೆಯ ಮೈಗೆ ಅಂಟಿದ ಕಾಗದ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಲ್ಲಿನ ತರಿ, ಬಿರುಕು, ಉಳಿ ಜಾರಿದ ಗಾಯ ಎಲ್ಲವೂ ಕಾಗದಕ್ಕೆ ಬರುತ್ತವೆ. ನಾಡಿನ ಶಾಸನಗಳನ್ನು ಒಟ್ಟುಗೂಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ನಿಂತಿರುವುದು ಇಂಥ ಪಡಿಯಚ್ಚುಗಳ ಮೇಲೆ. ಒಂದು ಮೈಯ ಒರಟುತನವನ್ನು ಇನ್ನೊಂದು ಮೈಗೆ ಹೊತ್ತು ತರುವ ‘ಟೆಕ್ಸ್ಚರ್’ ಕೆಲಸ ಈ ತಾಲ್ಲೂಕಿನಲ್ಲಿ ಕಂಪ್ಯೂಟರಿಗಿಂತ ನೂರು ವರ್ಷ ಮೊದಲೇ ನಡೆದಿತ್ತು, ಅದೂ ನೀರು, ಕಾಗದ, ಮಸಿ ಇಷ್ಟರಿಂದಲೇ.

ಮೊಳಕಾಲ್ಮುರು ಎಂಬ ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಸೀರೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ರೇಷ್ಮೆ ಸೀರೆಯ ಅಂಚು, ಸೆರಗು, ಬುಟ್ಟಾಗಳಲ್ಲಿ ಹೊಳಪಿನ ಪಾಠವೇ ಇದೆ. ಗೂಡಿನಿಂದ ಬಿಚ್ಚಿದ ಹಸಿ ರೇಷ್ಮೆಗೆ ಹೊಳಪು ಕಡಿಮೆ. ಎಳೆಯ ಸುತ್ತ ಅಂಟು ಇರುತ್ತದೆ. ಸೋಪು ಹಾಕಿದ ಬಿಸಿನೀರಿನಲ್ಲಿ ಕುದಿಸಿ ಅಂಟು ಬಿಡಿಸಿದರೆ ನೂಲು ಕಾಲುಭಾಗದಷ್ಟು ತೂಕ ಕಳೆದುಕೊಂಡು ಹೊಳೆಯತೊಡಗುತ್ತದೆ. ಎಳೆಯನ್ನು ಅಡ್ಡಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸರಿಸುಮಾರು ತ್ರಿಕೋನ. ಗಾಜಿನ ಪಟ್ಟಕದಂತೆ ಅದು ಬೆಳಕನ್ನು ಹಲವು ದಿಕ್ಕಿಗೆ ತಿರುಗಿಸುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಕೊಟ್ಟರೆ ಸೀರೆ ಅಲುಗಿದಂತೆಲ್ಲ ಬಣ್ಣ ಬದಲಾಗುತ್ತದೆ. ಜರಿಯದು ಬೇರೆಯೇ ಬೆಡಗು, ರೇಷ್ಮೆ ಎಳೆಗೆ ಬೆಳ್ಳಿಯ ತಗಡನ್ನು ಸುತ್ತಿ ಮೇಲೆ ಚಿನ್ನದ ಲೇಪ.

ನೇಕಾರರ ಕಸುಬಿಗೂ ಕಂಪ್ಯೂಟರಿನ ಅಕ್ಷರಕ್ಕೂ ಇನ್ನೊಂದು ಹತ್ತಿರದ ನಂಟಿದೆ. ಬುಟ್ಟಾದ ಚಿತ್ರವನ್ನು ಮೊದಲು ಚೌಕುಳಿ ಕಾಗದದಲ್ಲಿ ಬರೆದುಕೊಳ್ಳುತ್ತಾರೆ. ಒಂದೊಂದು ಚೌಕವೂ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಒಂದೊಂದು ಜಾಗ. ಜರಿ ಮೇಲೆ ಬರಬೇಕಾದ ಕಡೆ ಚೌಕಕ್ಕೆ ಬಣ್ಣ, ಇಲ್ಲದ ಕಡೆ ಖಾಲಿ. ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಯಂತ್ರ ಈ ಚೌಕಗಳನ್ನು ರಟ್ಟಿನ ಕಾರ್ಡಿನ ತೂತುಗಳನ್ನಾಗಿ ಮಾಡಿತು. ಪರದೆಯ ಪಿಕ್ಸೆಲ್ಲು ಇದರ ಮೊಮ್ಮಗು. ಚೌಕದ ಮೇಲೆ ಗುಂಡಗಿನ ಕನ್ನಡ ಅಕ್ಷರ ಮೂಡಿಸಲು ಹೊರಟರೆ ತಿರುವೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ನಯವಾಗಬೇಕಾದರೆ ಎಳೆ ಸಣ್ಣದಾಗಬೇಕು, ಚೌಕ ಹೆಚ್ಚಬೇಕು. ಇತ್ತ ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಈ ನಯ ಬೇಕಿಲ್ಲ. ಹುಣಸೆಬೀಜದ ಗಂಜಿ ಹಚ್ಚಿ ಬಿಗಿಗೊಳಿಸಿದ ಉಣ್ಣೆಯ ಹಾಸಿನ ಮೇಲೆ ಬೆಳಕು ಬಿದ್ದರೆ ಹೊಳೆಯುವುದಿಲ್ಲ, ಒಳಗೆ ಇಂಗುತ್ತದೆ. ರೇಷ್ಮೆ ಮತ್ತು ಕಂಬಳಿ ಎರಡನ್ನೂ ಕಂಡ ಕಣ್ಣಿಗೆ ಹೊಳಪು ಯಾವುದು, ತರಿ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರು ಬರುವ ಮೊದಲು ಅಂಗಡಿಯ ಫಲಕ, ಎಣ್ಣೆ ಗಿರಣಿಯ ಗೋಡೆ, ಲಾರಿಯ ಹಣೆ ಎಲ್ಲವೂ ಪೇಂಟರ್ ಕೈಯಲ್ಲಿದ್ದವು. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಸರಕು ಹೊರುವ ಗಾಡಿಗಳಿಗೂ ಬರೆಯಬೇಕಾದ ಗೋಡೆಗಳಿಗೂ ಕೊರತೆಯಿರಲಿಲ್ಲ. ಬರೆಯುವ ಕ್ರಮ ನಾಡಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡೂ ತುದಿ ಬಿಗಿಹಿಡಿದು ನಡುವೆ ಮಿಡಿದರೆ ಗೋಡೆಯ ಮೇಲೆ ನೇರಗೆರೆ. ಆ ಗೆರೆಗಳ ನಡುವೆ ಅಕ್ಷರದ ಮೈ, ಅದು ಒಣಗಿದ ಮೇಲೆ ಔಟ್‌ಲೈನ್, ಆಮೇಲೆ ಒಂದು ಮಗ್ಗುಲಿಗೆ ಗಾಢಬಣ್ಣದ ಶೇಡು, ಕಟ್ಟಕಡೆಗೆ ತುಂಬಿದ ಹೊಟ್ಟೆಯ ಮೇಲೆ ಬಿಳಿಯ ಒಂದೇ ಒಂದು ಗೀಟು. ಆ ಗೀಟೇ ಹೊಳಪು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿದ್ದವನೇ ಒಳ್ಳೆಯ ಪೇಂಟರು. ‘ಅ’ದ ಬಾಗಿನಲ್ಲಿ ಅದು ಉದ್ದಕ್ಕೆ ಹರಿಯಬಹುದು, ‘ಷ’ದ ಇಕ್ಕಟ್ಟಿನಲ್ಲಿ ಒಂದು ಚುಕ್ಕೆಗೇ ಮುಗಿಯಬೇಕು. ಎನಾಮೆಲ್ ಬಣ್ಣಕ್ಕೆ ತನ್ನದೇ ಮಿಂಚಿತ್ತು. ಸಾಲದೆಂದವರಿಗೆ ಮದುವೆ ಮಂಟಪದಲ್ಲಿ ಥರ್ಮಾಕೋಲನ್ನು ಕೊರೆದು ಮಿಂಚುಪುಡಿ ಉದುರಿಸಿದ ಹೆಸರುಗಳು, ಗಾಡಿಗಳ ಮೇಲೆ ರಾತ್ರಿ ದೀಪಕ್ಕೆ ಉರಿಯುವ ‘ರೇಡಿಯಂ’ ಅಕ್ಷರಗಳು. ಆ ಹಾಳೆಯಲ್ಲಿ ರೇಡಿಯಂ ಇಲ್ಲ, ಬಂದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಗಾಜಿನ ಸಣ್ಣ ಮಣಿಗಳಿವೆ.

1990ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಫೋಟೋಶಾಪ್‌ನ ಮೊದಲ ಆವೃತ್ತಿ ಹೊರಬಂತು. ಅದನ್ನು ಬರೆದವರು ಥಾಮಸ್ ಮತ್ತು ಜಾನ್ ನಾಲ್ ಸಹೋದರರು. ಅದರಲ್ಲಿ ಅಕ್ಷರವನ್ನು ಉಬ್ಬಿಸುವುದು ಸುಲಭವಾಗಿರಲಿಲ್ಲ. ಅಕ್ಷರದ ನಕಲನ್ನು ಬೇರೊಂದು ಚಾನೆಲ್ಲಿನಲ್ಲಿ ಇಟ್ಟು, ಅದನ್ನು ಮಬ್ಬುಗೊಳಿಸಿ, ಕೊಂಚ ಪಕ್ಕಕ್ಕೆ ಸರಿಸಿ, ಮೂಲದೊಂದಿಗೆ ಕೂಡಿಸಿ ಕಳೆದು ನೆರಳು ಹುಟ್ಟಿಸಬೇಕಿತ್ತು. ಪಡಿಯಚ್ಚು ತೆಗೆಯುವವರ ತಾಳ್ಮೆಯೇ ಅಲ್ಲಿಯೂ ಬೇಕಿತ್ತು. 1994ರಲ್ಲಿ ಲೇಯರುಗಳು ಬಂದವು. 1998ರ ಐದನೇ ಆವೃತ್ತಿಯಲ್ಲಿ ನೆರಳು, ಬೆವೆಲ್, ಎಂಬಾಸ್ ಒಂದು ಗುಂಡಿಯಷ್ಟು ಹತ್ತಿರವಾದವು. 2000ದ ಆರನೇ ಆವೃತ್ತಿ ಇವನ್ನೆಲ್ಲ ‘ಲೇಯರ್ ಸ್ಟೈಲ್’ ಎಂದು ಒಟ್ಟುಮಾಡಿ, ಹೊಳಪಿನ ಏರಿಳಿತವನ್ನು ತಿದ್ದುವ ‘ಗ್ಲಾಸ್ ಕಾಂಟೂರ್’, ಅಕ್ಷರಕ್ಕೆ ಬಂಡೆಯದೋ ಬಟ್ಟೆಯದೋ ತರಿ ಕೊಡುವ ‘ಟೆಕ್ಸ್ಚರ್’ ಎಲ್ಲವನ್ನೂ ಸೇರಿಸಿತು. ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಗಿಂಪ್‌ನಲ್ಲಿ ‘ಗ್ಲಾಸಿ’, ‘ಟೆಕ್ಸ್ಚರ್ಡ್’ ಎಂಬ ಹೆಸರಿನ ಸಿದ್ಧ ಅಕ್ಷರ-ಅಚ್ಚುಗಳೇ ಇದ್ದವು. ಹೆಸರು ಟೈಪಿಸಿ ಒತ್ತಿದರೆ ಸಾಕು.

ಆದರೆ ಟೈಪಿಸುವುದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬಂದಾಗ ಕಥೆ ಬೇರೆ. ಚಳ್ಳಕೆರೆ ಎಂಬ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಮೊಳಕಾಲ್ಮುರು ಎಂಬಲ್ಲಿ ‘ಲ’ದ ಅಡಿಯಲ್ಲಿ ‘ಮ’ ಕೂತು, ಅದರ ಪಕ್ಕಕ್ಕೆ ಉಕಾರದ ಕೊಂಬು ಬರಬೇಕು. ಮೊದಲಕ್ಷರಕ್ಕೆ ಓತ್ವ ಬೇರೆ. ಅಕ್ಷರದ ಅಡಿಯಲ್ಲಿ ಅಕ್ಷರ ಕೂಡಿಸುವ ಈ ಪದ್ಧತಿ ಅಕ್ಷರಗುಂಡಿನ ಬ್ರಾಹ್ಮಿಯಿಂದಲೇ ಇಳಿದು ಬಂದದ್ದು. ವಿಶೇಷವೆಂದರೆ ಒಂದೇ ವ್ಯಂಜನ ಇಮ್ಮಡಿಯಾದಾಗ ಅಶೋಕನ ಲಿಪಿಕಾರರು ಸಾಮಾನ್ಯವಾಗಿ ಒಂದನ್ನೇ ಬರೆದು ಬಿಡುತ್ತಿದ್ದರು. ಚಳ್ಳಕೆರೆಯ ಒತ್ತಿನ ಗೋಜು ಚಪಡನಿಗೆ ಇರುತ್ತಿರಲಿಲ್ಲ. ಫೋಟೋಶಾಪ್‌ಗೆ ಬಹುಕಾಲ ಈ ಗೋಜು ಬಿಡಿಸಲು ಬರಲಿಲ್ಲ. ಯೂನಿಕೋಡಿನಲ್ಲಿ ಟೈಪಿಸಿದರೆ ಚಳ್ಳಕೆರೆ ‘ಚಳ್‌ಳಕೆರೆ’ಯಾಗಿ ಒಡೆದು ನಿಲ್ಲುತ್ತಿತ್ತು. ಹಾಗಾಗಿ ಕನ್ನಡದ ವಿನ್ಯಾಸಕಾರರು ಬರಹ, ನುಡಿ, ಶ್ರೀಲಿಪಿ, ಆಕೃತಿಗಳ ಹಳೆಯ ಬಗೆಯ ಫಾಂಟುಗಳನ್ನೇ ನೆಚ್ಚಿಕೊಂಡರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿಟ್ಟ ಫಾಂಟುಗಳವು. ಅಕ್ಷರದ ಮೈ ಒಂದು ತುಂಡು, ಗುಣಿತದ ಕೊಂಡಿ ಒಂದು, ಒತ್ತು ಇನ್ನೊಂದು. ಕರಿ ಬಣ್ಣದಲ್ಲಿ ಮುದ್ರಿಸಿದಾಗ ಬೆಸುಗೆ ಕಾಣುವುದಿಲ್ಲ. ಬೆವೆಲ್ ಕೊಟ್ಟೊಡನೆ, ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಅದರ ಎರಡೂ ದಡಕ್ಕೆ ಬೆಳಕು-ನೆರಳು ಬಿದ್ದು ಅಕ್ಷರ ಸೀಳಿದಂತಾಗುತ್ತದೆ. ತಿಳಿದವರು ಅಕ್ಷರವನ್ನು ಆಕಾರವಾಗಿ ಬದಲಿಸಿ, ಸಂದು ಮುಚ್ಚಿ, ಆಮೇಲಷ್ಟೇ ಎಫೆಕ್ಟು ಕೊಡುತ್ತಾರೆ. ಒತ್ತಿನ ಸಣ್ಣ ಗೆರೆಗೂ ತಲೆಕಟ್ಟಿನ ದಪ್ಪ ಗೆರೆಗೂ ಒಂದೇ ಅಳತೆಯ ಉಬ್ಬು ಕೊಟ್ಟರೆ ಒತ್ತು ಊದಿಕೊಂಡ ಕಾಳಿನಂತಾಗುತ್ತದೆ. ಅದಕ್ಕೆ ಬೇರೆ ಲೇಯರು, ಬೇರೆ ಅಳತೆ. ಈಗ ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇಕಾದ ಏರ್ಪಾಡಿದೆ, ಸೆಟ್ಟಿಂಗ್ ಬದಲಿಸಿದರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಆದರೂ ಹಳೆಯ ಫಾಂಟುಗಳ ರೂಢಿ ಪೂರ್ತಿ ಹೋಗಿಲ್ಲ. ಅವುಗಳಲ್ಲಿ ಕಟ್ಟಿದ ಹೆಸರುಗಳನ್ನು ಬೇರೆಡೆಗೆ ಅಂಟಿಸಿದರೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಇಷ್ಟು ಚಂದವಾಗಿ ಹೊಳೆಯುವ ಅಕ್ಷರ ಹುಡುಕಿದರೆ ಸಿಗದಂತಾಗುವುದು ಬೇಸರದ ಸಂಗತಿ.

ಫಲಕಗಳ ಮೇಲೂ ಕಾನೂನಿನ ಕಣ್ಣು ಬಿತ್ತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ಕಿನ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು. ಆದರೂ ಫಲಕಗಳ ಕೆಲಸ ನಿಂತಿಲ್ಲ.

ಅಕ್ಷರವನ್ನು ಉಬ್ಬಿಸುವ ಬೆಳಕು-ನೆರಳಿನ ಆಟ ಫಲಕಗಳಾಚೆಗೂ ಇದೆ. ನಿಷೇಧ ಬಂದ ಹೊತ್ತಿಗೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ನೆಲ ಅಗೆದು ಚಂದ್ರನ ಕುಳಿಗಳಂಥ ಕುಳಿಗಳನ್ನು ಮಾಡಿಸುತ್ತಿತ್ತು. ಚಂದ್ರಯಾನದ ಲ್ಯಾಂಡರಿಗೆ ಅಳವಡಿಸುವ ಸಂವೇದಕಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಿದರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಕುಳಿ ಯಾವುದು, ದಿಬ್ಬ ಯಾವುದು ಎಂದು ಹೇಳುವುದು ಕಣ್ಣಿಗೆ ಕಷ್ಟ. ಚಂದ್ರನ ಕುಳಿಯ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೆ ಅದು ಗುಡ್ಡವಾಗಿ ಕಾಣುತ್ತದೆ, ಏಕೆಂದರೆ ನೆರಳು ಅತ್ತಿಂದಿತ್ತ ಸರಿಯಿತು. ಡಿಟಿಪಿ ಅಂಗಡಿಯ ಹುಡುಗ ಬೆಳಕಿನ ಕೋನವನ್ನು ತಿರುಗಿಸಿದಾಗ ಉಬ್ಬಿದ ಹೆಸರು ತಟ್ಟನೆ ಕೊರೆದ ಹೆಸರಾಗುವುದೂ ಇದರಿಂದಲೇ. ಫೋಟೋಶಾಪ್‌ನ ಹಲವು ಆವೃತ್ತಿಗಳಲ್ಲಿ ಆ ಕೋನ 120 ಡಿಗ್ರಿಗೆ ನಿಂತಿರುತ್ತಿತ್ತು, ಎಂದರೆ ಎಡಗಡೆ ಮೇಲೆ.

ಈ ಕೋನವನ್ನು ಇಂದು ಶಾಸನಗಳಿಗಾಗಿಯೂ ತಿರುಗಿಸುತ್ತಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೆಂಗಳೂರು ಸುತ್ತಿನ ಶಾಸನಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ಅಳೆದು ದಾಖಲಿಸಲಾಗುತ್ತಿದೆ. ಯಂತ್ರ ಕಲ್ಲಿನ ಮೈಯ ಏರಿಳಿತವನ್ನು ಹಿಡಿದಿಡುತ್ತದೆ. ಪರದೆಯ ಮೇಲೆ ಮೂಡಿದ ಆ ಬೋಳು ಕಲ್ಲಿಗೆ ತಂತ್ರಾಂಶದಲ್ಲಿ ಮೆರುಗು ಕೊಟ್ಟು, ಕೃತಕ ಸೂರ್ಯನನ್ನು ಮಗ್ಗುಲಿಗೆ ಇಳಿಸುತ್ತಾರೆ. ಸಂಜೆಗಾಗಿ ಕಾಯಬೇಕಿಲ್ಲ, ಟಾರ್ಚು ಹಿಡಿಯಬೇಕಿಲ್ಲ. ಬೆರಳಿನಿಂದ ಮೌಸನ್ನು ಒಂದಿಷ್ಟು ಜರುಗಿಸಿದರೆ ಬೆಳಕು ಪೂರ್ವದಿಂದ ಉತ್ತರಕ್ಕೆ ಹೊರಳುತ್ತದೆ, ಬರಿಗಣ್ಣಿಗೆ ಸವೆದು ಮಾಯವಾಗಿದ್ದ ಒಂದು ಒತ್ತಿನ ಬಾಲ ತೆಳ್ಳಗಿನ ನೆರಳಾಗಿ ಕಾಣಿಸಿಕೊಳ್ಳುತ್ತದೆ.